ಅತ್ತೆ ಮುಟ್ಟದ ಭಂಡಾರ

ಅದು ಬುಧವಾರವೋ ಗುರುವಾರವೋ, ಪಡಸಾಲೆಯಲ್ಲಿ ಯಾರು ಎಲ್ಲಿ ಕೂತಿದ್ದರೋ, ಇವನ್ನೆಲ್ಲ ನಾನು ತಪ್ಪಾಗಿ ನೆನಪಿಟ್ಟಿರಬಹುದು. ಆ ಮಾತು ಆಡಿದವಳು ನಾನೇ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಆಗ ಶಹಾಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಯಾದಗಿರಿಯ ಕಾಲೇಜಿಗೆ ಹೋಗುತ್ತಿದ್ದೆ. ಒಂದು ದಿನ ಅವ್ವನ ಬಂಗಾರದ ಬೋರಮಾಳ ಸರ ಕಾಣೆಯಾಯಿತು. ಅಪ್ಪನ ತಂಗಿ, ನನ್ನ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಯಾರೂ ಅವಳ ಹೆಸರೆತ್ತಲಿಲ್ಲ. ಅವಳು ಒಳಗೆ ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟೆ.

ಅಪ್ಪ ದೇವರ ಜಗುಲಿಯಿಂದ ಭಂಡಾರದ ಚೀಲ ತಂದು ನಡುವೆ ಇಟ್ಟ. ಮನೆದೇವರು ಮಲ್ಲಯ್ಯನ ಅರಿಶಿನಪುಡಿ ಅದು. ಅದನ್ನು ಮುಟ್ಟಿ ನಮ್ಮವರು ಸುಳ್ಳಾಡುವುದಿಲ್ಲ. ಅವ್ವ ಮುಟ್ಟಿದಳು, ಅಣ್ಣ ಮುಟ್ಟಿದ, ನಾನೂ ಮುಟ್ಟಿದೆ. ಅತ್ತೆ ಕೈ ಚಾಚಿ ಹಿಂದಕ್ಕೆಳೆದುಕೊಂಡಳು.

“ಇವತ್ತ ಬ್ಯಾಡ.”

“ಬ್ಯಾಡಂದ್ರ? ಮುಹೂರ್ತ ನೋಡ್ಬೇಕೇನತ್ತಿ?” ಎಂದ ಅಣ್ಣ.

ಆ ವಾರವೇ ನಿಘಂಟಿನಲ್ಲಿ ಒಂದು ಶಬ್ದ ನೋಡಿದ್ದೆ. ಪುರಾವೆಯಿಲ್ಲದೆ ಒಬ್ಬರು ತಪ್ಪು ಮಾಡಿರಬೇಕೆಂದುಕೊಳ್ಳುವುದು, ಅಂಥ ಅನುಮಾನಕ್ಕೆ ಒಳಗಾದವರು, ನೆಚ್ಚಲಾಗದ್ದು. ಮೂರೂ ಅರ್ಥ ಬಾಯಿಪಾಠವಾಗಿದ್ದವು. “ಇಂಗ್ಲಿಷಿನ್ಯಾಗ ಇಂಥವ್ರಿಗೆ ಸಸ್ಪೆಕ್ಟ್ ಅಂತಾರ” ಎಂದೆ. ಪುರಾವೆಯ ಮಾತನ್ನು ಹೇಳಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗ ಗೊತ್ತಾಗುವುದಿಲ್ಲ.

ಅಣ್ಣನಿಗೆ ಶಬ್ದ ಹಿಡಿಸಿತು. “ಸಸ್ಪೆಕ್ಟ್ ಚಾ ತಂದಾಳ, ಕಪ್ಪು-ಬಸಿ ಎಣಿಸಿ ಇಟ್ಕೋರಿ” ಎನ್ನುತ್ತಿದ್ದ. ಅಪ್ಪನೂ ಒಮ್ಮೆ ನಕ್ಕ. ಎಂಟು ದಿನಕ್ಕೆ ಅತ್ತೆ ಸುರಪುರದ ಬಸ್ಸು ಹತ್ತಿ, ಬೋನಾಳದಲ್ಲಿದ್ದ ಗಂಡನ ಮನೆಗೆ ಹೋದಳು.

ಆಮೇಲೆ ಸರ ಗೋಗಿಯಲ್ಲಿ, ಅವ್ವನ ತವರಿನ ಟ್ರಂಕಿನಲ್ಲಿ ಸಿಕ್ಕಿತು. ಮದುವೆಗೆ ಹೋದಾಗ ಅವ್ವನೇ ಬಿಚ್ಚಿಟ್ಟು ಮರೆತಿದ್ದಳು. ಅಪ್ಪ ಕರೆತರಲು ಹೋದ. ಅತ್ತೆ ಉಣ್ಣಿಸಿ ಕಳಿಸಿದಳು, ಬರಲಿಲ್ಲ.

ಹೋದ ತಿಂಗಳು ನಾನೇ ಬೋನಾಳಕ್ಕೆ ಹೋದೆ. ತಪ್ಪಾಯಿತು ಎನ್ನುವ ಮೊದಲೇ ಅತ್ತೆ ತಡೆದಳು.

“ನೀ ಓದಿದಾಕಿ, ಓದಿದ್ದು ಹೇಳಿದಿ. ನಾ ಆವತ್ತ ಮುಟ್ಟಾಗಿದ್ದೆ ನೋಡವ್ವ. ಗಂಡಸರ ಮುಂದ ಹೆಂಗ ಹೇಳ್ಲಿ? ಅಂಥಾ ಕೈಲೆ ಭಂಡಾರ ಹೆಂಗ ಹಿಡೀಲಿ?”

“ಅವ್ವಗಾದ್ರೂ ಹೇಳ್ಬೇಕಿತ್ತಲ್ಲತ್ತಿ.”

“ದಿನಾ ದೇವರ ದೀಪ ಹಚ್ಚಾಕಿ ನಾನು. ನಾ ಮುಟ್ಟಾದ್ರ ನಿಮ್ಮವ್ವ ಹಚ್ಚಾಕಿ. ಆವತ್ತ ಮುಂಜಾನಿ ಕಡ್ಡಿಪೆಟ್ಟಿಗಿ ಆಕಿ ಕೈಯಾಗ ಕೊಟ್ಟೀನಿ.”

ಅದು ನಡೆದದ್ದೋ, ಇಷ್ಟು ವರ್ಷ ಒಬ್ಬಳೇ ಕೂತು ಅವಳು ಕಟ್ಟಿಕೊಂಡದ್ದೋ? ನನ್ನ ನೆನಪನ್ನೇ ನಂಬದ ನಾನು ಅವಳದನ್ನು ಹೇಗೆ ಅಳೆಯಲಿ? ಆದರೂ ಬಸ್ಸಿನ ದಾರಿಯುದ್ದಕ್ಕೂ ಅಳು ನಿಲ್ಲಲಿಲ್ಲ.

ಮನೆಗೆ ಬಂದಾಗ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಕೇಳಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಕೇಳಿದ್ದು ಇಷ್ಟೇ:

“ಯವ್ವಾ, ಭಂಡಾರ ಮುಟ್ಟಿಸಿದ ದಿನ ದೀಪ ಯಾರು ಹಚ್ಚಿದ್ರು?”