ಬದುಕಿರುವವನಿಗೆ ಇಟ್ಟ ಎಡೆ

ಪಾರ್ವತಿ ಕದ್ದಿರಲಿಲ್ಲ. ಕದ್ದವನು ನಾನು. ಈ ಕಥೆ ವಾರಪತ್ರಿಕೆಯಲ್ಲಿ ಬರುತ್ತಿದ್ದಾಗ ಅದರ ಕೊನೆಯ ಕಂತನ್ನು ಓದಿ ಕಣ್ಣೊರೆಸಿಕೊಂಡವರು ಹಲವರು; ಆ ಕಂತು ನನ್ನದಲ್ಲ, ನನ್ನ ಹೆಂಡತಿಯ ಚಿಕ್ಕಪ್ಪನ ಮಗಳು ಮೂರ್ನಾಡಿನ ಪಾರ್ವತಿಯದು. ಈಗ ಕಥೆ ಪುಸ್ತಕವಾಗುತ್ತಿದೆ, ಮುನ್ನುಡಿ ಬರೆಯಿರಿ ಎಂದು ಪ್ರಕಾಶಕರು ಕೇಳಿದ್ದಾರೆ. ಕುಳಿತರೆ ಇದೊಂದು ಬಿಟ್ಟು ಬೇರೇನೂ ಬರುತ್ತಿಲ್ಲ.

ಇನ್ನು ಮುಂದಿನದು ನಿನಗೆ, ಪಾರ್ವತಿ. ಉಳಿದವರು ಬೇಕಿದ್ದರೆ ಕೇಳಿಸಿಕೊಳ್ಳಲಿ.

ಕೊಡಗು ಮೈಸೂರಿಗೆ ಸೇರಿದ ಹೊಸತು. ನಾನು ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ — ಎಂದರೆ ಆಳುಗಳ ಹಾಜರಿ ಹಾಕುವವನು. ಗಿಡಗಳಿಗೆ ಹೂ ತರಿಸುವ ಹೂಮಳೆ ಬಾರದಿದ್ದರೆ ಚಿಂತೆ, ಬಂದರೆ ಹೆಚ್ಚಾದೀತೆಂದು ಚಿಂತೆ. ತನ್ನದಲ್ಲದ ತೋಟಕ್ಕಾಗಿ ನಿದ್ದೆಗೆಡುವ ಜಾತಿ. ಮಡಿಕೇರಿಯ ಒಂದು ವಾರಪತ್ರಿಕೆಗೆ ಅದ್ಭುತರಮ್ಯ ಕಥೆಯೊಂದನ್ನು ಧಾರಾವಾಹಿಯಾಗಿ ಬರೆಯತೊಡಗಿದ ಮೇಲೆ ಚಿಂತೆಗೆ ಇನ್ನೊಂದು ತೋಟ ಸಿಕ್ಕಿದಂತಾಯಿತು.

ಕಥೆ ನಿನಗೆ ಗೊತ್ತು. ಕಾಡಿನಲ್ಲಿ ಸಿಕ್ಕ ಮಗು, ಅದನ್ನು ಸಾಕುವ ಕುಂಬಾರ ಗಂಡಹೆಂಡಿರು, ಆ ಹುಡುಗ ರಾಜನ ಮಗನೆಂದು ಗುರುತಿಸುವ ಗಡ್ಡದ ಮುದುಕ, ಹುಡುಗನ ಕೈಗಷ್ಟೇ ಒರೆಯಿಂದ ಹೊರಬರುವ ಕತ್ತಿ, ಜೀವವನ್ನು ಜೇನುನೊಣದೊಳಗೆ ಅಡಗಿಸಿಟ್ಟ ದುಷ್ಟ ದೊರೆ. ಇದರಲ್ಲಿ ನನ್ನದೇನಿತ್ತು? ಅರ್ಧ ಅಜ್ಜಿ ಹೇಳಿದ್ದು. ಇನ್ನರ್ಧ, ನಮ್ಮ ಎಸ್ಟೇಟಿನ ಬಿಳಿ ದೊರೆ ಊರಿಗೆ ಹಡಗು ಹತ್ತುವಾಗ ಬಂಗಲೆಯಲ್ಲಿ ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕಗಳದ್ದು. ಅವುಗಳಲ್ಲಿ ಹಿಮ ಬೀಳುತ್ತಿತ್ತು, ನಾನು ಮಂಜು ಮಾಡಿದೆ. ಅಲ್ಲಿನ ಮುದುಕನಿಗೂ ಗಡ್ಡ. ಅವನೂ ನಡುದಾರಿಯಲ್ಲೇ ಸಾಯುತ್ತಿದ್ದ. ಬೆಂಗಳೂರಿನ ಮಾಸಪತ್ರಿಕೆಯೊಂದರ ಧಾರಾವಾಹಿಯಲ್ಲೂ ಅದೇ ಮಗು, ಅದೇ ಕತ್ತಿ. ಮೊದಮೊದಲು ಹೆದರಿದ್ದೆ — ಯಾರಾದರೂ ಹಿಡಿದುಬಿಟ್ಟರೆ? ಆಮೇಲೆ ಸಮಾಧಾನ ತಂದುಕೊಂಡೆ. ಇವು ಯಾರೊಬ್ಬರ ಸೊತ್ತೂ ಅಲ್ಲ. ಯಾವ ಸೀಮೆಯಲ್ಲಿ ಯಾರು ಕಥೆ ಕಟ್ಟಿದರೂ ಈ ಮಗು, ಈ ಮುದುಕ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಇಷ್ಟು ತಿಳಿದವನು ನಾನು. ಅದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ತಿಳಿಯದೆ ಮಾಡಿದೆ ಎನ್ನುವ ಬಾಗಿಲು ನನಗೆ ಇರಕೂಡದು.

ಕೊನೆ ಹೊಳೆಯದೆ ಒದ್ದಾಡುತ್ತಿದ್ದ ದಿನಗಳವು. ರಾಜಕುಮಾರನನ್ನು ಪಟ್ಟದ ತನಕ ತಂದಿದ್ದೆ, ಆಮೇಲೆ — ಏನೂ ಇಲ್ಲ. ಕಂತು ಕೊಡಲು ಮಡಿಕೇರಿಗೆ ಹೋದರೆ ಸಂಪಾದಕರು ನೀನು ಕಳಿಸಿದ್ದ ಕಥೆಯನ್ನು ನನ್ನ ಮುಂದೆ ತಳ್ಳಿದರು. ಸೋಮವಾರಪೇಟೆ ಕಡೆಯವರು, ನೇರ ಮಾತು.

"ನೋಡಿ ರೈಟ್ರೇ, ಇದೂ ನಿಮ್ದೇ ಥರ ಐತಲ್ಲ. ಕಾಪಿ ಹೊಡೆದವ್ರಾ ಹೆಂಗೆ?"

ಅಲ್ಲೇ ಬೆಂಚಿನ ಮೇಲೆ ಕುಳಿತು ಓದಿದೆ. ಅದೇ ಮಗು, ಅದೇ ಮುದುಕ, ಅದೇ ಕತ್ತಿ. ಆದರೆ ನೀನು ಅದನ್ನು ಕುಂಬಾರನ ಹೆಂಡತಿಯ ಪಕ್ಕದಲ್ಲಿ ನಿಂತು ಹೇಳಿದ್ದೆ. ಪಟ್ಟದ ದಿನ ಆಕೆ ಅರಮನೆಗೆ ಹೋಗುತ್ತಾಳೆ. ಕಾವಲಿನವರು ತಡೆಯುತ್ತಾರೆ. ಉಪ್ಪರಿಗೆಯಿಂದ ಮಗ ನೋಡುತ್ತಾನೆ, ಗುರುತಿಸುತ್ತಾನೆ — ಗುರುತಿಸಿಯೇ ಮುಖ ತಿರುಗಿಸುತ್ತಾನೆ. ಆಕೆ ಊರಿಗೆ ಮರಳುತ್ತಾಳೆ. ವರ್ಷಕ್ಕೊಮ್ಮೆ ಮನೆಯ ಸತ್ತ ಹಿರಿಯರಿಗೆ, ಕಾರಣರಿಗೆ, ಎಡೆ ಇಡುವ ದಿನ ಬಂದಾಗ ಸಾಲಿನ ಕೊನೆಗೆ ಒಂದು ಎಲೆ ಹೆಚ್ಚಿಗೆ ಹಾಕಿ ಬಡಿಸುತ್ತಾಳೆ. ಇದು ಯಾರಿಗೆ ಎಂದು ಗಂಡ ಕೇಳಿದರೆ, "ರಾಜನಿಗೆ" ಎನ್ನುತ್ತಾಳೆ.

ಇದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಇಡೀ ನೆಂಟರಿಷ್ಟರಿಗೇ ಗೊತ್ತಿತ್ತು. ಪಟ್ಟಾಳಕ್ಕೆ, ಎಂದರೆ ಸೈನ್ಯಕ್ಕೆ, ಸೇರಿದ ನಿನ್ನ ಗಂಡನ ಸುದ್ದಿ ನಿಂತುಹೋದಾಗ, ನಿನ್ನ ಅತ್ತೆ ಅವನು ಸತ್ತನೆಂದೇ ಬಗೆದು ಕಾರಣರ ಸಾಲಿನಲ್ಲಿ ಅವನಿಗೂ ಎಲೆ ಹಾಕಿದರು. ಬದುಕಿರುವವನಿಗೆ ಎಡೆ ಇಡುತ್ತೀರಾ ಎಂದು ನೀನು ಆ ಎಲೆಯನ್ನು ಎಳೆದು ತೆಗೆದೆ. ಆ ಜಗಳದಲ್ಲೇ ತವರಿಗೆ ಬಂದೆ. ಆಮೇಲೆ ತಿಳಿಯಿತು — ನೀನು ಹೇಳಿದ್ದೇ ಸರಿ, ಅವನು ಬದುಕಿದ್ದ. ಪುಣೆಯಲ್ಲಿ ಬೇರೆ ಸಂಸಾರ ಹೂಡಿಕೊಂಡು. ಎಳೆದು ತೆಗೆದ ಎಲೆಯನ್ನು ನೀನು ಕಥೆಯಲ್ಲಿ ನಿನ್ನ ಕೈಯಾರೆ ಮತ್ತೆ ಹಾಕಿದ್ದೆ. ಅದು ನನ್ನ ಅಜ್ಜಿಯ ಬಳಿ ಇರಲಿಲ್ಲ, ದೊರೆಯ ಪುಸ್ತಕಗಳಲ್ಲಿ ಇರಲಿಲ್ಲ, ಎಲ್ಲೂ ಇರಲಿಲ್ಲ.

ಸಂಪಾದಕರು ಕಾಯುತ್ತಿದ್ದರು. ಇಂಥ ಕಥೆಗಳೆಲ್ಲ ಹೀಗೇ ಸರ್, ಮೂಳೆ ಒಂದೇ, ಆದರೆ ಈ ಹೆಂಗಸಿನ ಕೊನೆಯ ಪುಟ ನೋಡಿ — ಎನ್ನಬಹುದಿತ್ತು. ಬಾಯಿ ತೆರೆದದ್ದೂ ಅದನ್ನೇ ಹೇಳಲು ಅಂದುಕೊಂಡಿದ್ದೇನೆ, ಆದರೆ —

"ಕಾಪಿಯೇ ಸರ್," ಎಂದೆ.

ಅವರು ಅದನ್ನು ನನಗೇ ಕೊಟ್ಟು, ಬಂಧುಗಳಲ್ಲವೇ, ನೀವೇ ಹಿಂದಿರುಗಿಸಿ ಎಂದರು. ಮುಂದಿನ ವಾರ ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ: ಮೂರ್ನಾಡಿನ ಸಹೋದರಿಯೊಬ್ಬರು ನಮ್ಮ ಧಾರಾವಾಹಿಯನ್ನೇ ನಕಲು ಮಾಡಿ ಕಳಿಸಿದ್ದಾರೆ, ಇಂಥದ್ದು ಶೋಭೆಯಲ್ಲ. ಹೆಸರಿರಲಿಲ್ಲ. ಮೂರ್ನಾಡಿನಲ್ಲಿ ಕಥೆ ಬರೆಯುವ ಹೆಂಗಸು ಬೇರೆ ಯಾರಿದ್ದರು? ನಿನ್ನ ಅಣ್ಣನನ್ನು ಅವನ ಅಂಗಡಿಗೆ ಬಂದವರೇ ಚುಡಾಯಿಸಿದರಂತೆ: ತಂಗಿ ಎಲೆ ಕದ್ದಳು, ಈಗ ಕಥೆ ಕದ್ದಳು, ಪೆಟ್ಟಿಗೆಗೆ ಬೀಗ ಹಾಕಯ್ಯ ಎಂದು. ಅವನು ಮನೆಗೆ ಬಂದು, ನನ್ನ ಸೂರಿನ ಕೆಳಗೆ ಇನ್ನು ಪೆನ್ನು ಹಿಡಿಯಬೇಡ ಎಂದ. ಅವನ ಸೂರು ಬಿಟ್ಟರೆ ನಿನಗೆ ಬೇರೆ ಸೂರಿರಲಿಲ್ಲ.

ನಾನು ಅಷ್ಟಕ್ಕೇ ನಿಂತಿದ್ದರೆ — ಇಲ್ಲ. ಕಂತಿನ ದಿನ ಬಂತು, ನನ್ನ ಬಳಿ ಕೊನೆ ಇರಲಿಲ್ಲ, ನಿನ್ನದು ಮೇಜಿನ ಮೇಲಿತ್ತು. ಕುಂಬಾರನ ಹೆಂಡತಿಗೆ ಒಂದು ಹೆಸರಿಟ್ಟೆ, ಅಷ್ಟೇ ನನ್ನ ಕೊಡುಗೆ. ಸಂಪಾದಕರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅಚ್ಚಿಗೆ ಕಳಿಸಿದರು. ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಜಾಗ ಕೊಟ್ಟರು. ಹೆಂಗಸರ ಮನಸ್ಸು ಇಷ್ಟು ಬಲ್ಲವರು ಯಾರಿದ್ದಾರೆ ಎಂದರು. ನಾನು ಕುಳಿತೆ. ಕಳ್ಳತನ ಹೊರಬೀಳುವ ಚಿಂತೆ ಒಂದು ಕಡೆ, ಬಸ್ಸಿನ ಬ್ರೇಕಿನ ಚಿಂತೆ ಇನ್ನೊಂದು ಕಡೆ; ನಿನ್ನ ಚಿಂತೆ ಮಾತ್ರ ಎಲ್ಲೂ ಇರಲಿಲ್ಲ.

ಆ ವರ್ಷ ಆಯುಧಪೂಜೆಯ ಹಬ್ಬ ಕೈಲ್‌ಮುಹೂರ್ತಕ್ಕೆ ನೀನು ನಮ್ಮ ಮನೆಗೆ ಬಂದೆ. ಅಡುಗೆಮನೆಯಲ್ಲಿ ಕಡುಬಿನ ಉಂಡೆ ಕಟ್ಟುತ್ತ, ತಲೆ ಎತ್ತದೆ, ‘ಇದೆ’ ಎನ್ನುವುದಕ್ಕೆ ‘ಉಟ್ಟು’ ಎನ್ನುವ ನಮ್ಮ ಮನೆಮಾತಿನಲ್ಲಿ ಹೇಳಿದೆ:

"ಬಾವ, ಬೇರೆದ್ದೆಲ್ಲ ಎಲ್ಲವರ ಕಥೆಲೂ ಉಟ್ಟು, ಅದ್ ನಂಗೂ ಗೊತ್ತುಟ್ಟು. ಆ ಎಡೆ ಒಂದ್ ನಂದಾಗಿತ್ತ್."

ಯಾವ ಎಡೆ ಎಂದು ನನ್ನ ಹೆಂಡತಿ ಕೇಳಿದಳು. ನೀನು ನನ್ನತ್ತ ನೋಡಿದೆ — ಹೇಳುವ ಕೆಲಸವನ್ನು ನನಗೆ ಬಿಟ್ಟುಕೊಟ್ಟು. ನಾನು ಸಾರಿಗೆ ಉಪ್ಪು ಸಾಕಾ ಎಂದು ಕೇಳಿದೆ. ಹೌದು, ಉಪ್ಪು. ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ, ಒಂದು ಸಾಲೂ ಬರೆಯಲಿಲ್ಲ. ಬರೆಯಬಹುದಾಗಿದ್ದ ವರ್ಷಗಳು ಹೋದವು. ಅವನ್ನು ಯಾವ ಮುನ್ನುಡಿಯೂ ಹಿಂದಕ್ಕೆ ತರುವುದಿಲ್ಲ.

ಮೊನ್ನೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಇನ್ನೂ ಮಾತಾಡುತ್ತಿಲ್ಲ. ಭಾನುವಾರ ನಿನ್ನ ಅಣ್ಣನ ಅಂಗಡಿಗೆ ಹೋಗುತ್ತೇನೆ, ಗಿರಾಕಿಗಳು ತುಂಬಿರುವ ಹೊತ್ತಿಗೇ. ನಿನ್ನ ಹಾಳೆಗಳು ನನ್ನ ಬಳಿ ಹಾಗೇ ಇವೆ. ಅವನ್ನು ನಿನ್ನ ಕೈಗೇ ಕೊಡುತ್ತೇನೆ. ಅಚ್ಚು ಹಾಕಿಸುವುದೋ ಒಲೆಗೆ ಹಾಕುವುದೋ ನಿನ್ನ ಇಷ್ಟ.

ಪುಸ್ತಕದಿಂದ ಆ ಅಧ್ಯಾಯವನ್ನು ತೆಗೆಸಿದ್ದೇನೆ. ಕರಡು ನೋಡಿದ ಪ್ರಕಾಶಕರು, ಪಟ್ಟವಾದ ಮೇಲೆ ಏನೂ ಇಲ್ಲವಲ್ಲ, ಕಥೆ ಮುಗಿದಂತೆಯೇ ಇಲ್ಲ ಎಂದರು.

ಹೌದು, ನನಗೆ ಮುಗಿಸಲು ಬರಲಿಲ್ಲ ಎಂದೆ.