ಹೆಸರಿಲ್ಲದ ಹೆಣ್ಣಾಳುಗಳು

ಸರಸ್ವತಿ ನಗರದಾಗೆ ನಮ್ಮ ಪಕ್ಕದ ಮನೆಯ ಪುಷ್ಪಲತಾ ಸ್ಕೂಲ್ ಟೀಚರ್. ರಜೆ ಸಿಕ್ಕರೆ ಸಾಕು, ಹರಿಹರದ ಹಳೇ ನೀರಾವರಿ ಕಚೇರಿಯ ದಾಖಲೆ ಕೋಣೆಗೆ ಹೋಗಿ ಕೂರ್ತಾಳೆ. ನಮ್ಮ ಕಡೆ ನಾಲೆ ತೋಡಿದ ಹೆಣ್ಣುಮಕ್ಕಳ ಚರಿತ್ರೆ ಬರೀಬೇಕು ಅನ್ನೋದು ಅವಳ ಹಟ. ಅವಳ ಅಜ್ಜಿ ಕಾಳವ್ವನೂ ಅಲ್ಲಿ ಮಣ್ಣು ಹೊತ್ತವಳು.

ಒಂದಿನ ನಾನೂ ಜೊತೆಗೆ ಹೋಗಿದ್ದೆ. ಕಡತ ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟು ಬಿಚ್ಚಿ ಬಿಚ್ಚಿ ಅವಳ ಮುಖವೆಲ್ಲ ಧೂಳಾಗಿತ್ತು. ನಾಲೆ ಕೆಲಸದ ಹಳೇ ಹಾಜರಿ ಹಾಳೆಗಳಲ್ಲಿ ಗಂಡಸರಿಗೆಲ್ಲ ಹೆಸರಿತ್ತು. ಹೆಂಗಸರ ಸಾಲಿನಾಗೆ ಬರೀ "ಹೆಣ್ಣಾಳು, ಹೆಣ್ಣಾಳು" ಅಂತಿತ್ತು.

"ಹೆಸರೇ ಇಲ್ಲ ಅಂದ್ಮೇಲೆ ಚರಿತ್ರೆ ಎಲ್ಲೀದು ಮೇಡಂ? ನಿಮ್ಮ ಪುಸ್ತಕದಾಗೆ ಈ ಹಾಜರಿಯ ಅಧ್ಯಾಯ ಬಿಟ್ಟುಬಿಡ್ರಿ, ಊಟದ ಹೊತ್ತಾತು," ಅಂದರು ಗುಮಾಸ್ತ ಶಿವಮೂರ್ತಿ.

"ಯಾಕ ಇಲ್ಲ ಗೊತ್ತೇನ್ರಿ ಸರ್? ಹಾಜರಿ ಬರೆಯೋರು 'ಯಾರ ಹೆಂಡ್ತಿ ನೀನು' ಅಂತ ಕೇಳ್ತಿದ್ರಂತೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದಲ್ಲ, ನಮ್ಮಜ್ಜಿ ಸುಮ್ಮನೆ ನಿಂತಳಂತೆ. ಅವಳ ಹೆಸರೇನು ಅಂತ ಒಬ್ಬರೂ ಕೇಳಲಿಲ್ಲ."

"ಅದಕ್ಕೆ ದಾಖಲೆ ಐತೇನು?"

"ಈ ಹಾಳೇನೇ ದಾಖಲೆ. ಕೇಳದೆ ಬಿಟ್ಟದ್ದೂ ಚರಿತ್ರೇನೇ ಸರ್. ಅಧ್ಯಾಯ ನಾನು ಬಿಡಲ್ಲ. ನೀವು ಊಟ ಮಾಡಿ ಬರ್ರಿ, ಇಲ್ಲೇ ಕೂತಿರ್ತೀನಿ."

"ಅಮ್ಮಾರೆ, ನೀವಾದ್ರೂ ಬುದ್ಧಿ ಹೇಳ್ರಿ," ಅಂತ ಶಿವಮೂರ್ತಿ ನನ್ನ ಕಡೆ ತಿರುಗಿದರು.

"ನಾನ್ಯಾಕ ಹೇಳ್ಲಿ? ಗಂಟು ಹಿಡ್ಕಳಾಕೆ ಬಂದೀನಿ," ಅಂದೆ.

ಈಗ ಭಾನುವಾರ ಬಂತಂದ್ರೆ ನಾವಿಬ್ಬರೂ ಮಾಯಕೊಂಡದ ಬಸ್ಸು ಹತ್ತುತೀವಿ. ನಾಲೆ ಕೆಲಸಕ್ಕೆ ಹೋಗಿದ್ದ ಮುದುಕಿಯರು ಆ ಕಡೆ ಇನ್ನೂ ಇದಾರೆ. ಪುಷ್ಪಲತಾ ಆ ಮುದುಕಿಯರ ಪಕ್ಕ ನೆಲದ ಮೇಲೆ ಕೂತು, ಮೊದಲು ಅವರ ಹೆಸರನ್ನೇ ಕೇಳಿ ಬರ್ಕೊಳ್ತಾಳೆ.