ಸಿರುಗುಪ್ಪದಿಂದ ಬಂದ ರುಬ್ಬುಗುಂಡು

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕಲು ಸಿರುಗುಪ್ಪದಿಂದ ಬಳ್ಳಾರಿಯ ನಮ್ಮ ಮನೆಗೆ ಬಂದ ಅಜ್ಜಿಯ ಮಡಿಲಲ್ಲಿ ಒಂದು ರುಬ್ಬುಗುಂಡು ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಎತ್ತಿಕೊಂಡೇ ಕೂತಿದ್ದಳಂತೆ.

"ಅತ್ತೀ, ಬಳ್ಳಾರ್ಯಾಗ ಕಲ್ಲಿಗೆ ಬರ ಬಂದೈತೇನ್ರಿ?" ಎಂದಳು ಬಾಣಂತಿ ಅವ್ವ.

"ನಿನ್ನ ಗಂಡ, ಅವರಪ್ಪ, ಎಲ್ಲಾರೂ ಇದು ಎದ್ದ ಮ್ಯಾಲೇ ತೊಟ್ಟಲದಾಗ ಮಲಗಿದವ್ರವ್ವ. ಮೊದ್ಲು ಗುಂಡಪ್ಪ, ಆಮ್ಯಾಲ ನಮ್ಮಪ್ಪ."

ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಅಜ್ಜಿಯ ಬಾಯಲ್ಲಿ ಇದೇ ಮಾತು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಮೊದಲು ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮ ಪದ್ಧತಿ; ಆ ಕಲ್ಲೇ ಗುಂಡಪ್ಪ. ಆದರೆ ತಮ್ಮ ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಒಮ್ಮೆಯೂ ಬಾಯಿ ತೆರೆದು ಅತ್ತಿರಲಿಲ್ಲ, ಬೆಕ್ಕಿನ ಮರಿಯಂತೆ ಮುಲುಗುತ್ತಿದ್ದ.

ಅಜ್ಜಿ ಗುಂಡಿಗೆ ಕೂಸಿನ ಕುಲಾಯಿ ಕಟ್ಟಿ, ಇಲ್ಲದ ಗಲ್ಲ ಸವರಿ, ಹಾಡಿ ತೂಗಿದಳು. ಆಮೇಲೆ ಅದನ್ನೆತ್ತಿ ಅದೇ ಜಾಗದಲ್ಲಿ ತಮ್ಮನನ್ನು ಮಲಗಿಸಿದಳು. ಕಲ್ಲಿದ್ದ ಬಟ್ಟೆ ತಣ್ಣಗಾಗಿತ್ತೇನೋ, ಬೆನ್ನು ತಾಗಿದ್ದೇ ಕಿಟಾರನೆ ಕಿರುಚಿದ. ಪಕ್ಕದ ಮನೆಯವರು ಓಡಿಬಂದರು. ಅಜ್ಜಿ ಕುಣಿಯುವುದೊಂದೇ ಬಾಕಿ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಜ್ಜಿ ಊರಿಗೆ ಹೊರಟಾಗ ಅವ್ವನೇ ಗುಂಡನ್ನು ಹಳೇ ಸೀರೆಯಲ್ಲಿ ಸುತ್ತಿ ಅವಳ ಮಡಿಲಿಗಿಟ್ಟಳು.

"ಜ್ವಾಕಿ ಅತ್ತೀ. ಇವನ ಮಕ್ಕಳಿಗೂ ಬೇಕಾಗ್ತೈತಿ."